ಜಗಲಿಯ ಮೇಲಿನ ಬೆದರುಬೊಂಬೆ

ಹೆಸರು: ಲೊರೇನ್ ಡುಡೆಕ್, ವಯಸ್ಸು 67 ವರ್ಷ, ನಿವೃತ್ತ ಶಾಲಾ ಬಸ್ ಚಾಲಕಿ, ವಾಸ: ಮನೆ ನಂ. 214, ಬರ್ಚ್ ಬೀದಿ, ಎಲ್ಮ್‌ಡೇಲ್, ಓಹಾಯೊ ರಾಜ್ಯ.

ನಮ್ಮ ಎದುರು ಮನೆಯ ವೆಂಡೆಲ್ ಪ್ರಿಟ್ಸ್, 71 ವರ್ಷ, ಇವರ ಸಾವಿನ ವಿಚಾರವಾಗಿ ಈ ದಿನ ಠಾಣೆಗೆ ಹಾಜರಾಗಿ ತಿಳಿಸುವುದೇನೆಂದರೆ, ವೆಂಡೆಲ್ ಅವರು ಒಬ್ಬಂಟಿ. ಹತ್ತೊಂಬತ್ತು ವರ್ಷಗಳಿಂದ, ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಮಿಠಾಯಿ ಕೇಳಲು ಬರುವ ಪ್ರತಿ ಹ್ಯಾಲೋವೀನ್‌ಗೆ ಅಂಗಿಯೊಳಗೆ ಒಣಹುಲ್ಲು ತುರುಕಿಕೊಂಡು, ಮುಖಕ್ಕೆ ಬಣ್ಣ ಬಳಿದುಕೊಂಡು, ಬೆದರುಬೊಂಬೆಯಂತೆ ಜಗಲಿಯ ಕುರ್ಚಿಯಲ್ಲಿ ಅಲುಗಾಡದೆ ಕೂರುತ್ತಿದ್ದರು. ತೊಡೆಯ ಮೇಲಿನ ಮಿಠಾಯಿ ಬಟ್ಟಲಿಗೆ ಮಕ್ಕಳು ಕೈ ಹಾಕಿದ ಕೂಡಲೇ ಹೋ ಎಂದು ಮೇಲೇಳುತ್ತಿದ್ದರು. ನನ್ನನ್ನೂ ಬಿಟ್ಟವರಲ್ಲ. ನನಗೆ ಈ ಹಬ್ಬವೇ ಸಾಕಾಗಿಹೋಗಿತ್ತು.

ನಿನ್ನೆ ಹಬ್ಬದ ದಿನ ಸಂಜೆ 5-40ಕ್ಕೆ ಅವರು ಕುರ್ಚಿಯಲ್ಲಿ ಕೂತಿದ್ದನ್ನು ನೋಡಿದೆನು. ಆಗ ಚೆನ್ನಾಗಿದ್ದರು. ಏನೇ ಲೊರೇನ್, ಈ ಸಲ ಮಾಟಗಾತಿ ವೇಷ ಹಾಕಲ್ವಾ, ಓ, ನಿನಗೆ ವೇಷ ಯಾಕೆ ಬೇಕು ಎಂದು ರಸ್ತೆಗೆಲ್ಲ ಕೇಳುವಂತೆ ಕೂಗಿದರು. ಬಾಯಿ ಮುಚ್ಚಪ್ಪಾ ಎಂದು ಹೇಳಿ ಒಳಗೆ ಹೋದೆನು.

6-00ರಿಂದ ಮಕ್ಕಳು ಬರತೊಡಗಿದರು. 6-25ಕ್ಕೆ ಆರು ವರ್ಷದ ನನ್ನ ಮೊಮ್ಮಗಳು ಟೆಸ್ಸಾಳನ್ನು ಕರೆದುಕೊಂಡು, ನಮ್ಮ ಬಾಗಿಲಿನಿಂದ ನಲವತ್ತು ಅಡಿ ದೂರದ ಅವರ ಜಗಲಿಗೆ ಹೋದೆನು. ಅವಳದು ಜೇನುಹುಳದ ವೇಷ. ಅವಳು ಬಟ್ಟಲಿಗೆ ಕೈ ಹಾಕಿದರೂ ವೆಂಡೆಲ್ ಮೇಲೇಳಲಿಲ್ಲ. ಬಾಯಿ ಒಂದು ಕಡೆಗೆ ಜೋತು ಬಿದ್ದಿತ್ತು. ಈ ವರ್ಷ ಬಣ್ಣ ಚೆನ್ನಾಗಿ ಬಳಿದುಕೊಂಡಿದ್ದಾನೆ ಎಂದುಕೊಂಡೆನು. ಎಡಗೈಯ ಬೆರಳು ಎರಡು ಸಲ ಕುರ್ಚಿಗೆ ಬಡಿಯಿತು.

ಅಜ್ಜಿ, ಈ ತಾತ ಅಳ್ತಿದಾರೆ ಎಂದು ಟೆಸ್ಸಾ ಹೇಳಿದಳು. ಅಯ್ಯೋ ಅವನ ಆಟ ನಿನಗೆ ಗೊತ್ತಿಲ್ಲಮ್ಮ, ನಾವು ತಿರುಗಿದ ಕೂಡ್ಲೆ ಹಾರ್ತಾನೆ ನೋಡು ಎಂದು ನಾನು ಹೇಳಿದೆನು. ಇಲ್ಲ ಅಜ್ಜಿ, ನಿಜವಾಗ್ಲೂ ಎಂದು ಅವಳು ಅಲ್ಲೇ ನಿಂತಳು. ನನಗೆ ಮಂಡಿ ನೋಯುತ್ತಿತ್ತು. ಬಾ ಎಂದು ಗದರಿ ಎಳೆದುಕೊಂಡು ಬಂದೆನು. ಮೆಟ್ಟಿಲಿಳಿಯುವಾಗ ಈಗ ಕೂಗುತ್ತಾನೆ, ಈಗ ಕೂಗುತ್ತಾನೆ ಎಂದು ಒಂದು ಕೈಯಿಂದ ಕಿವಿ ಮುಚ್ಚಿಕೊಂಡಿದ್ದೆನು.

8-00ಕ್ಕೆ ಮಕ್ಕಳು ಬರುವುದು ಮುಗಿದು ಎಲ್ಲರೂ ಜಗಲಿಯ ದೀಪ ಆರಿಸಿದರು. ಅವರ ದೀಪ ಆರಲಿಲ್ಲ. 8-10ಕ್ಕೆ ಹೋಗಿ ಏಳೋ ಮಾರಾಯ, ಮಕ್ಕಳೆಲ್ಲ ಹೋದ್ರು ಎಂದು ಭುಜ ಅಲುಗಾಡಿಸಿದೆನು. ಅವರು ಪಕ್ಕಕ್ಕೆ ವಾಲಿದರು. ಬಟ್ಟಲು ಖಾಲಿಯಾಗಿತ್ತು. 8-12ಕ್ಕೆ ಆಂಬುಲೆನ್ಸ್‌ಗೆ ಫೋನ್ ಮಾಡಿದೆನು. ಈ ದಿನ ಬೆಳಿಗ್ಗೆ 9-20ಕ್ಕೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಮೆದುಳಿಗೆ ರಕ್ತ ಹೋಗುವುದು ನಿಂತಿತ್ತು, ಸ್ವಲ್ಪ ಮೊದಲೇ ಕರೆತಂದಿದ್ದರೆ ಬದುಕುವ ಸಾಧ್ಯತೆ ಇತ್ತು ಎಂದು ವೈದ್ಯರು ತಿಳಿಸಿದರು. ಯಾರ ಮೇಲೂ ನನಗೆ ಅನುಮಾನವಿಲ್ಲ. ಮಗು ಹೇಳಿತ್ತು, ನಾನು ಕೇಳಲಿಲ್ಲ.

ಬೀದಿಯವರೊಬ್ಬರು 6-26ಕ್ಕೆ ತೆಗೆದ ಫೋಟೋವನ್ನು ಈಗ ಠಾಣೆಯಲ್ಲಿ ಪೊಲೀಸರು ತೋರಿಸಿದರು. ಅದರಲ್ಲಿ ವೆಂಡೆಲ್ ಅವರ ಪಕ್ಕದಲ್ಲಿ ನಿಂತು ನಗುತ್ತಿರುವ ಹೆಂಗಸು ನಾನೇ. ಅವರ ಕಣ್ಣು ಕ್ಯಾಮೆರಾ ಕಡೆಗಿಲ್ಲ, ನನ್ನ ಕಡೆಗಿದೆ.

ಇದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ತಿದ್ದುವುದು ಏನೂ ಇಲ್ಲ.

ಸ್ಥಳ: ಎಲ್ಮ್‌ಡೇಲ್
ದಿನಾಂಕ: 1-11-2023
ಸಹಿ: ಲೊರೇನ್ ಡುಡೆಕ್