ಮುಚ್ಚಳ ತೆಗೆಯುವ ಮೊದಲು

ಇಲ್ಲಿ ಬಂದಿರುವ ಹಿರಿಯರಿಗೆ, ಶನಿವಾರದ ತರಗತಿಯ ಮಕ್ಕಳಿಗೆ, ಅವರನ್ನು ಕರೆತಂದ ತಂದೆತಾಯಿಯರಿಗೆ, ಮುಂದಿನ ಸಾಲಿನಲ್ಲಿ ಕುಳಿತಿರುವ ಮೈಥಿಲಿ ಮೇಡಂ ಅವರ ಪತಿ ಶೇಷಾದ್ರಿಯವರಿಗೆ, ಮಗಳು ಗಾರ್ಗಿಗೆ — ನಮಸ್ಕಾರ.

ನಾನು ಮಾಧುರಿ. ಫಾಸ್ಟರ್ ಸಿಟಿಯ ಲ್ಯಾಬಿನಲ್ಲಿ ಮೈಥಿಲಿ ಮೇಡಂ ಅವರ ಪಕ್ಕದ ಬೆಂಚಿನವಳು. ಶನಿವಾರ ಇದೇ ಹಾಲಿನಲ್ಲಿ ಅವರು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುವಾಗ ಸಾಮಾನು ಎತ್ತಿಕೊಡುತ್ತಿದ್ದವಳು. ಮಗ ಹುಟ್ಟಿದಂದಿನಿಂದ ನನಗೆ ನಿದ್ದೆ ಅಷ್ಟಕ್ಕಷ್ಟೆ. ಮೇಡಂ ತೀರಿಹೋದ ಮೇಲೆ ಅದೂ ಇಲ್ಲ. ಮಾತು ಎಲ್ಲಾದರೂ ತಡವರಿಸಿದರೆ — ಕ್ಷಮಿಸಿ.

ಮೊದಲೇ ಹೇಳಿಬಿಡುತ್ತೇನೆ. ನನಗೆ ಭಯವಾಗುತ್ತಿದೆ. ನಿನ್ನೆ ಶೇಷಾದ್ರಿಯವರು ನನ್ನ ಕೈಗೆ ಈ ಕೀಲಿ ಕೊಟ್ಟರು. ಅದೋ, ಆ ಮೂಲೆಯ ಬೀರುವಿನದು. ಒಳಗೆ ಮಕ್ಕಳ ಪ್ರಯೋಗದ ಬಾಟಲಿಗಳಿವೆ. ಮುಂದಿನ ವಾರದಿಂದ ತರಗತಿ ನೀವೇ ನಡೆಸಿ, ಇಲ್ಲದಿದ್ದರೆ ಮುಚ್ಚಬೇಕಾಗುತ್ತದೆ ಎಂದರು. ನಾನು ಇವತ್ತು ಇದನ್ನು ವಾಪಸು ಕೊಡಬೇಕೆಂದೇ ಹೊರಟವಳು.

ಯಾಕೆ ಭಯ? ಮಕ್ಕಳೇ, ನಿಮಗೆ ಗೊತ್ತು. ಮೇಡಂ ತರಗತಿಯಲ್ಲಿ ಒಬ್ಬರೇ ಬಾಟಲಿ ತೆಗೆಯುವ ಹಾಗಿಲ್ಲ. ಒಬ್ಬರು ಸೂತ್ರ ಬರೆಯಬೇಕು, ಇನ್ನೊಬ್ಬರು ಅದನ್ನು ನೋಡಿ ಹೆಸರು ಹೇಳಬೇಕು. ಆಮೇಲೆ — ಇದು ಮುಖ್ಯ — ಇಬ್ಬರೂ ಒಂದು ಉಸಿರಿನಷ್ಟು ಹೊತ್ತು ಸುಮ್ಮನಿರಬೇಕು. ತಪ್ಪು ಆ ಸುಮ್ಮನಿರುವ ಹೊತ್ತಿನಲ್ಲೇ ಕಣ್ಣಿಗೆ ಬೀಳುತ್ತದೆ ಎನ್ನುತ್ತಿದ್ದರು. ಆಮೇಲೆ ಮುಚ್ಚಳ.

ಸೂತ್ರ ಕಲಿಸಲು ಅವರು ಬೋರ್ಡಿನ ಹತ್ತಿರ ಹೋಗುತ್ತಲೇ ಇರಲಿಲ್ಲ. ಮಕ್ಕಳನ್ನೇ ಅಯಾನುಗಳಾಗಿ ನಿಲ್ಲಿಸುತ್ತಿದ್ದರು. ಕ್ಯಾಲ್ಸಿಯಂ ಆದವಳು ಎರಡೂ ಕೈ ಚಾಚಬೇಕು, ಹೀಗೆ. ಕ್ಲೋರೈಡ್ ಆದವನಿಗೆ ಒಂದೇ ಕೈ, ಇನ್ನೊಂದು ಬೆನ್ನ ಹಿಂದೆ. ಯಾರ ಕೈಯೂ ಖಾಲಿ ಉಳಿಯಬಾರದು. ಹಾಗಾಗಿ ಒಂದು ಕ್ಯಾಲ್ಸಿಯಮ್ಮಿಗೆ ಎರಡು ಕ್ಲೋರೈಡು. ಒಮ್ಮೆ ಒಬ್ಬ ಹುಡುಗ ಹುಡುಗಿಯ ಕೈ ಹಿಡಿಯಲು ನಾಚಿ ನಿಂತುಬಿಟ್ಟ. ಮೇಡಂ ನಗಲೇ ಇಲ್ಲ. "ನೀನು ಹಿಡೀದೆ ಇದ್ರೆ ಇದು ಕಾಂಪೌಂಡೇ ಅಲ್ಲ ಕಣೋ, ಬರೀ ಜಗಳ" ಅಂದರು.

ಕಬ್ಬಿಣ ಬಂದಾಗ ಮಾತ್ರ ಅವರ ದನಿ ಬಿಗಿಯಾಗುತ್ತಿತ್ತು. ಕಬ್ಬಿಣಕ್ಕೆ ಒಮ್ಮೆ ಎರಡು ಕೈ, ಒಮ್ಮೆ ಮೂರು. ಅದಕ್ಕೇ ಐರನ್ ಟೂ, ಐರನ್ ತ್ರೀ ಎಂದು ಹೆಸರಿನಲ್ಲೇ ಅಂಕಿ ಸೇರಿಸುತ್ತೇವೆ. ಆ ಅಂಕಿ ಕಬ್ಬಿಣಕ್ಕೆ ಎಷ್ಟು ಕೈ ಎಂದು ಹೇಳುತ್ತದೆ, ಎಷ್ಟು ಕಬ್ಬಿಣ ಇದೆ ಎಂದಲ್ಲ. ಎಲ್ಲರೂ ಎಡವುವುದು ಅಲ್ಲೇ.

ಇದೆಲ್ಲ ಪರೀಕ್ಷೆಗೆ ಮಾತ್ರ ಎಂದು ನಾನೂ ಅಂದುಕೊಂಡಿದ್ದೆ. ಹೋದ ಬೇಸಿಗೆಯವರೆಗೆ.

ನನ್ನ ಅತ್ತೆ ಕಾಶವ್ವ ವಿಜಯಪುರದಿಂದ ಬಂದಿದ್ದರು. ಹಪ್ಪಳ ಮಾಡಲು ಹಪ್ಪಳದ ಖಾರ ತಂದಿದ್ದರು — ಮೆಣಸಿನ ಖಾರ ಅಲ್ಲ, ಹಪ್ಪಳದ ಹಿಟ್ಟಿಗೆ ಬೆರೆಸುವ ಆ ಬಿಳಿ ಪುಡಿ, ಉತ್ತರ ಕರ್ನಾಟಕದವರಿಗೆಲ್ಲ ಗೊತ್ತು. ಪೊಟ್ಟಣ ಹರಿದಿತ್ತೆಂದು ಖಾಲಿ ರಾಗಿ ಮಾಲ್ಟ್ ಡಬ್ಬಿಗೆ ಸುರಿದಿಟ್ಟರು. ನಮ್ಮ ಮನೆಗಳಲ್ಲಿ ಯಾವ ಡಬ್ಬಿಯಲ್ಲಿ ಅದರದೇ ಸಾಮಾನು ಇರುತ್ತದೆ, ಹೇಳಿ. ಮಧ್ಯಾಹ್ನ ನನ್ನ ಮಗ ಕುಶಲ್ — ಆಗಿನ್ನೂ ಅಂಬೆಗಾಲು — ಆ ಡಬ್ಬಿ ಉರುಳಿಸಿ, ಕೈ ಅದ್ದಿ, ಬಾಯಿಗಿಟ್ಟ.

ವಿಷದ ಸಹಾಯವಾಣಿಗೆ ಫೋನ್ ಮಾಡಿದೆ. ಆ ಕಡೆಯ ನರ್ಸ್ ಸಮಾಧಾನವಾಗಿಯೇ ಕೇಳಿದರು, ಮಗು ತಿಂದಿದ್ದೇನು ಎಂದು. ನನ್ನ ಬಾಯಿಂದ ಬಂದದ್ದು ಹಪ್ಪಳದ ಖಾರ, ಹಪ್ಪಳದ ಖಾರ, ಅಷ್ಟೇ. ಡಬ್ಬಿಯ ಮೇಲೆ ಏನು ಬರೆದಿದೆ ಎಂದರು. ರಾಗಿ ಮಾಲ್ಟ್ ಎಂದೆ. ನಾನೂ ಕೆಮಿಸ್ಟ್ರಿ ಓದಿದವಳೇ. ಮಗುವಿನ ತುಟಿ ಕೆಂಪಾಗುವುದನ್ನು ನೋಡುತ್ತಿದ್ದೆ, ತಲೆಯಲ್ಲಿ ಒಂದೇ ಒಂದು ಹೆಸರು ಇರಲಿಲ್ಲ. ಅತ್ತೆ ಗೋಡೆಗೆ ಒರಗಿ ನಿಂತುಬಿಟ್ಟಿದ್ದರು.

ಅದೇ ಫೋನ್ ಕರೆಗೆ ಮೇಡಂ ಅವರನ್ನೂ ಸೇರಿಸಿದೆ. ಅವರು ಕೇಳಿದ್ದು ಒಂದೇ. "ಹಪ್ಪಳದ ಖಾರ ತಾನೆ? ಅತ್ತೆಯವರಿಗೆ ಖಾತ್ರಿನಾ?" ಅತ್ತೆ ಹೌದೆಂದರು. ಫೋನಿನಲ್ಲಿ ಒಂದು ಉಸಿರಿನಷ್ಟು ಮೌನ. ಆಮೇಲೆ ಮೇಡಂ ನರ್ಸಿಗೆ ಹೇಳಿದರು: ಮುಖ್ಯವಾಗಿ ಸೋಡಿಯಂ ಕಾರ್ಬೊನೇಟ್. ಎನ್ಎ ಟೂ, ಸಿಓ ತ್ರೀ. ಅಷ್ಟು ಸಾಕಾಯಿತು. ಬಾಯಿ ಒರೆಸಿ, ಒಂದು ಗುಟುಕು ನೀರು ಕೊಡಿ, ವಾಂತಿ ಮಾಡಿಸಬೇಡಿ, ನುಂಗಲು ಕಷ್ಟಪಡುತ್ತಾನೆಯೇ ನೋಡುತ್ತಿರಿ ಎಂದು ನರ್ಸ್ ಒಂದೊಂದಾಗಿ ಹೇಳುತ್ತಾ ಹೋದರು. ಒಳಗೆ ಹೋದದ್ದು ಸ್ವಲ್ಪವೇ. ಸಂಜೆಯ ಹೊತ್ತಿಗೆ ಹುಡುಗ ಬಾಳೆಹಣ್ಣಿಗೆ ಕೈ ಚಾಚಿದ.

ಮಾರನೇ ದಿನ ಮೇಡಂ ಮನೆಗೇ ಬಂದು, ಡಬ್ಬಿಗಳನ್ನೆಲ್ಲ ಸಾಲಾಗಿ ಇಡಿಸಿ ಚೀಟಿ ಅಂಟಿಸಿದರು. ನಾವು ಕರೆಯುವ ಹೆಸರು, ಕೆಮಿಸ್ಟ್ರಿಯ ಹೆಸರು, ಸೂತ್ರ. ಎಲೆಗೆ ಹಚ್ಚುವ ಸುಣ್ಣಕ್ಕೂ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಎಂಬ ಚೀಟಿ ಬಿತ್ತು. ಅತ್ತೆ ಆಗ ಬಾಯಿಬಿಟ್ಟರು. "ಏನವಾ ಮೈಥಿಲಿ, ನಮ್ಮ ಸುಣ್ಣಕ್ಕೂ ನಾಮಕರಣ ಮಾಡಾಕ ಹತ್ತೀಯೇನು? ಹಂಗಾದ್ರ ತೊಟ್ಟಿಲಾ ಕಟ್ಟೂಣು ತಡಿ." ಹಿಂದಿನ ದಿನದಿಂದ ನಮ್ಮ ಮನೆಯಲ್ಲಿ ಯಾರಾದರೂ ನಕ್ಕಿದ್ದು ಅದೇ ಮೊದಲು.

ಹೊರಡುವಾಗ ನಾನು ಕೇಳಿದೆ — ಮೇಡಂ, ನಿಮಗೆ ಭಯ ಅನ್ನೋದೇ ಇಲ್ವಾ? ಅವರು ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದರು: "ದಿನಾ ಹೆದರ್ಕೋತೀನಿ ಮಾಧುರಿ. ಹೆದರ್ಕೊಳ್ದೇ ಇರೋರು ಲೇಬಲ್ ಓದಲ್ಲ."

ಹೋದ ವಾರ ಬೆಳಿಗ್ಗೆ ಲಗೂನ್ ಕೊಳದ ಪಕ್ಕ ವಾಕಿಂಗಿಗೆ ಹೋದ ಮೇಡಂ ಅಲ್ಲೇ ಕುಸಿದರು, ಮತ್ತೆ ಏಳಲಿಲ್ಲ. ಅವರ ನಂಬರು ನನ್ನ ಫೋನಿನಲ್ಲಿ ಇನ್ನೂ ಮೊದಲನೆಯದಾಗಿಯೇ ಇದೆ. ಮಗು ಕೆಮ್ಮಿದರೆ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ, ಹೋಗಿ ನಿಲ್ಲುತ್ತದೆ. ಇನ್ನು ಈ ಬೀರು ತೆಗೆದು, ನಿಮ್ಮೆಲ್ಲರ ಮಕ್ಕಳ ಮುಂದೆ ನಾನು ಸೂತ್ರ ಬರೆದರೆ — ಅದು ತಪ್ಪಾಗಿದ್ದರೆ — ಓದಿ ಹೇಳುವವರು ಯಾರು?

ಇವತ್ತು ಪಾರ್ಕಿಂಗಿನಲ್ಲಿ ಗಾರ್ಗಿ ಸಿಕ್ಕಳು. ಕೀಲಿ ವಾಪಸು ಕೊಡುತ್ತೇನೆ ಎಂದೆ. ಅವಳು ಕಾರಿನ ಬಾಗಿಲು ಮುಚ್ಚಿದಳು. ಆಮೇಲೆ, "ಐ ವಿಲ್ ರೀಡ್ ಇಟ್ ಬ್ಯಾಕ್ ಟು ಯೂ, ಆಂಟಿ" ಅಂದಳು. ಮತ್ತೆ ಕನ್ನಡದಲ್ಲಿ ಅಂದಳು, "ನೀವು ಬರೀರಿ, ನಾನು ಓದಿ ಹೇಳ್ತೀನಿ." ಕಾರಿನ ಗಾಜಿನ ಧೂಳಿನ ಮೇಲೆ ಬೆರಳಿನಿಂದ ಬರೆದೆ. ಎರಡು ಕಬ್ಬಿಣ, ಮೂರು ಆಕ್ಸಿಜನ್. ಎಲ್ಲರೂ ಎಡವುವ ಹಾಗೆ ಅವಳು ಎರಡು ಎನ್ನಲಿಲ್ಲ. "ಐರನ್ ತ್ರೀ ಆಕ್ಸೈಡ್" ಅಂದಳು. ಅಷ್ಟಕ್ಕೇ ನಿಲ್ಲಿಸಲಿಲ್ಲ — ಗಾಜನ್ನೇ ನೋಡುತ್ತಾ ಒಂದು ಉಸಿರು ಸುಮ್ಮನಿದ್ದಳು. ಥೇಟ್ ಅವಳ ಅಮ್ಮನ ಹಾಗೆ. ಆಮೇಲೆ, "ಸರಿ ಇದೆ."

ಶೇಷಾದ್ರಿಯವರೇ, ಭಯ ಹೋಗಿಲ್ಲ. ಆದರೆ ಕೀಲಿ ಕೊಡುವುದಿಲ್ಲ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಮಕ್ಕಳೇ, ಈ ಮೌನ ನಿಮಗೆ ಗೊತ್ತಿರುವುದೇ. ಹೆಸರು ಹೇಳಿ ಆಗಿದೆ — ಮೈಥಿಲಿ. ಮುಚ್ಚಳ ಇನ್ನೂ ತೆಗೆದಿಲ್ಲ. ಒಂದು ಉಸಿರು, ಸುಮ್ಮನಿರೋಣ.