ನಾಲ್ಕು ದೇಶಕ್ಕೆ ಗೊತ್ತಿರುವ ಗುಟ್ಟು

ಟ್ಯೂನಿಸ್‌ನ ಆಸ್ಪತ್ರೆಯೊಂದರ ಹೆಂಗಸರ ವಿಭಾಗದಲ್ಲಿ ಸರದಿಗೆ ಕಾಯುತ್ತಿದ್ದ ಝಕಿಯಾಳ ಕಿವಿಗೆ ಪಕ್ಕದ ಬೆಂಚಿನಲ್ಲಿ ಕೂತಿದ್ದ ಇಬ್ಬರು ಹೆಂಗಸರ ಮಾತು ಬಿತ್ತು.

“ನನ್ನ ಗರ್ಭಕೋಶದ ಚೂರು ತಗೊಂಡು ನಾಲ್ಕು ದೇಶದ ಡಾಕ್ಟರು ಸೇರಿ ಸಂಶೋಧನೆ ಮಾಡ್ತಾರಂತೆ, ಖಾಲಾ,” ಎಂದಳು ಇಬ್ಬರಲ್ಲಿ ಚಿಕ್ಕವಳು.

“ನಾಲ್ಕು ದೇಶ! ಏನು ಕಾಯಿಲೆಯಂತೆ?” ಎಂದಳು ಮುದುಕಿ.

“ನಂಗೆ ಹೇಳ್ಲಿಲ್ಲ. ಯಜಮಾನ್ರಿಗೆ ಹೇಳಿದಾರೆ. ನಾನು ಹೆದರ್ಕೋತೀನಂತೆ.”

“ಥೂ ಇವರ! ಚೂರು ಕೊಡೋಕೆ ಒಪ್ಪಿದ್ಯಾರು?”

“ಅವರೇ.”

“ಯಾಕೆ, ಗರ್ಭಕೋಶ ಅವನ ಹೊಟ್ಟೇಲಿತ್ತಾ?”

“ಮೆಲ್ಲಗೆ, ಖಾಲಾ! ಅಲ್ಲೇ ಬಾಗಿಲ ಹತ್ರ ನಿಂತಿದಾರೆ.”

“ಕೇಳಿಸ್ಕೊಳ್ಳಲಿ. ನಾಲ್ಕು ದೇಶಕ್ಕೆ ಗೊತ್ತಿರೋದು ನಿನಗೊಬ್ಬಳಿಗೇ ಗುಟ್ಟಾ?”

ನರ್ಸ್ ಬಾಗಿಲಿಗೆ ಬಂದು “ವಸೀಲಾ!” ಎಂದು ಕೂಗಿದಳು. ಏಳಹೊರಟ ಚಿಕ್ಕವಳಿಗೆ ಅವಳ ಗಂಡ ಕೂತಿರುವಂತೆ ಕೈಸನ್ನೆ ಮಾಡಿ ತಾನೊಬ್ಬನೇ ಒಳಗೆ ನಡೆದ.

“ನೋಡು, ನಿನ್ನ ಗರ್ಭಕೋಶ ಹೊರಡ್ತು,” ಎಂದಳು ಮುದುಕಿ.

ವಸೀಲಾ ಎದ್ದು ಹೋಗಿ, ಗಂಡನ ಹಿಂದೆ ಮುಚ್ಚುತ್ತಿದ್ದ ಬಾಗಿಲಿಗೆ ಕಾಲು ಅಡ್ಡ ಇಟ್ಟಳು.