ಹಸಿರು ಪರದೆಯ ಹಿಂದಿನವಳು

ನಗೋದಾದ್ರೆ ಈಗಲೇ ಎದ್ದು ಹೋಗಿ, ನಾನು ಹೇಳಲ್ಲ. ಇದು ನಮ್ಮ ಚಿಕ್ಕಮ್ಮನ ಮಗಳಿಗೇ ಆದದ್ದು. ಅವರಿವರ ಬಾಯಿಂದ ಕೇಳಿದ್ದಲ್ಲ.

ಅವಳ ಕೆಲಸ ಮ್ಯೂಸಿಯಂನಲ್ಲಿ ಹಳೇ ಚಿತ್ರಗಳ ಕೊಳೆ ತೆಗೆಯೋದು. ಕಡ್ಡಿಗೆ ಹತ್ತಿ ಸುತ್ತಿ, ಎಂಜಲು ಮಾಡಿ, ಉಗುರಗಲ ಉಗುರಗಲ ಒರೆಸೋದು. ಹೌದು ಮಾರಾಯ್ರೇ, ಎಂಜಲೇ! ಅದರಷ್ಟು ಮೆತ್ತಗಿನ ಔಷಧಿ ಇನ್ನೊಂದಿಲ್ಲವಂತೆ. ಮನೇಲಿ ನಾವು ಅವಳನ್ನ ಎಂಜಲಕ್ಕ ಅಂತಲೇ ರೇಗಿಸೋದು.

ಅವತ್ತು ಅಕ್ಕ ಕೆಲಸ ಮುಗಿಸಿ ಹೊರಟಾಗ ಕತ್ತಲಾಗಿತ್ತು. ಮ್ಯೂಸಿಯಂ ಹಿತ್ತಲಿನ ಹಾಳುಬಾವಿ ದಾಟ್ತಿದ್ದಳು... ಕರ್ರ್... ಕರ್ರ್... ಮರದ ಹಲಗೆ ಮೇಲೆ ಉಗುರು ಎಳೆದ ಸದ್ದು. ಬಾವಿಯಿಂದ ಅಲ್ಲ. ಈಗಷ್ಟೇ ಬೀಗ ಹಾಕಿ ಬಂದ ಕೋಣೆಯಿಂದ.

ಆ ಕೋಣೇಲಿ ಇದ್ದದ್ದು ಒಂದೇ ಚಿತ್ರ. ಯುರೋಪಿನ ರಿನೈಸಾನ್ಸ್ ಕಾಲದ್ದು, ಐನೂರು ವರ್ಷ ಹಳೇದು, ಹಲಗೆ ಮೇಲೆ ಬರೆದದ್ದು. ಒಬ್ಬ ಬಟ್ಟೆ ವ್ಯಾಪಾರಿ, ಹೆಂಡತಿ, ಮೂರು ಗಂಡುಮಕ್ಕಳು, ಎಲ್ಲರೂ ಮಂಡಿಯೂರಿದ್ದಾರೆ. ಬಲಗಡೆ ಬರೀ ಹಸಿರು ಪರದೆ. ಬಂದೋರೆಲ್ಲ ವ್ಯಾಪಾರಿಯ ಉಂಗುರ ನೋಡಿ ಹೋಗ್ತಿದ್ರು. ನಮ್ಮಕ್ಕ ಭೂತಗನ್ನಡಿ ಹಿಡಿದು ಪರದೆ ನೋಡಿದಳು. ನೆರಿಗೆಗಳ ಕೆಳಗೆ ಬೇರೆ ಯಾವುದೋ ಕುಂಚದ ಗೆರೆ! ಎಕ್ಸ್‌ರೇ ತೆಗೆಸಿದರೆ ಒಳಗೊಬ್ಬ ಹುಡುಗಿ. ಅವಳೊಬ್ಬಳೇ ನಿಂತಿದ್ದಾಳೆ. ಹಳೇ ಕಾಗದಪತ್ರ ಕೆದಕಿದಾಗ ಗೊತ್ತಾಯ್ತು, ವ್ಯಾಪಾರಿಯ ಮಗಳು. ಅಪ್ಪ ಗೊತ್ತು ಮಾಡಿದ ಮುದುಕನನ್ನ ಒಲ್ಲೆ ಅಂದಳು. ಅಪ್ಪ ಚಿತ್ರಗಾರನನ್ನ ಮತ್ತೆ ಕರೆಸಿ ಅವಳ ಮೇಲೆ ಪರದೆ ಬರೆಸಿಬಿಟ್ಟ. ಎಂಥಾ ಅಪ್ಪ ಅಂತೀನಿ!

ಅವತ್ತೇ ಬೆಳಗ್ಗೆ ಮ್ಯೂಸಿಯಂ ಡೈರೆಕ್ಟರ್‌ಗೆ ಹೇಳಿದ್ದಕ್ಕೆ, "ಪರದೇನೂ ಹಳೇದೇ ಕಣಮ್ಮ, ಮುಟ್ಟಬೇಡ. ನಾಳೆ ವಾರ್ನಿಷ್ ಬಳಿದು ಗೋಡೆಗೆ ಹಾಕ್ತೀವಿ" ಅಂದರು. ಗೋಡೆಗೇರಿದ ಮೇಲೆ ಆ ಹುಡುಗಿಯನ್ನ ಇನ್ಯಾರು ಹೊರಗೆ ತೆಗೀತಾರೆ?

ಅಕ್ಕ ಬಾವಿ ಹತ್ತಿರದಿಂದ ವಾಪಸ್ ಬಂದು ಬೀಗ ತೆಗೆದಳು. ಸದ್ದು ನಿಂತಿತು.

"ಯಾರದು?"

"ತೆಗಿ..." ಹಲಗೆಯಿಂದ ಪಿಸುಮಾತು.

"ತೆಗೆದ್ರೆ ನನ್ನ ಕೆಲಸ ಹೋಗುತ್ತೆ."

"ನನ್ನ ಮುಖಾನೇ ಹೋಯ್ತಲ್ಲ..."

"ಇಷ್ಟು ವರ್ಷ ಬೇರೆ ಯಾರನ್ನೂ ಕೇಳಲಿಲ್ವಾ?"

"ಕೇಳಿದೆ... ಯಾರೂ ಈ ಕಡೆ ನೋಡಲೇ ಇಲ್ಲ."

ಅಕ್ಕನಿಗೆ ಹೆದರಿಕೆಗಿಂತ ಸಿಟ್ಟು ಜಾಸ್ತಿ ಬಂತಂತೆ. "ಹೋದ್ರೆ ಹೋಗ್ಲಿ ಬಿಡು, ಹಾಳು ಕೆಲಸ!" ಅಂದವಳೇ ಕೂತಳು. ಅಷ್ಟು ಹಳೇ ಬಣ್ಣಕ್ಕೆ ಎಂಜಲು ಸಾಲದು. ಔಷಧಿ ಹಚ್ಚಿ, ಸಣ್ಣ ಚಾಕುವಿನಿಂದ ಹಸಿರನ್ನ ಚೂರುಚೂರೇ ಎಬ್ಬಿಸಿದಳು. ಬೆಳಗಾಗೋ ಹೊತ್ತಿಗೆ ಮುಖ ಬಂತು. ಹದಿನಾರು ವರ್ಷ ಇರಬಹುದು. ಗದ್ದ ಎತ್ತಿ ಅಪ್ಪನನ್ನೇ ನೋಡ್ತಿದ್ದಾಳೆ.

ಡೈರೆಕ್ಟರ್ ಕೆಂಡಾಮಂಡಲವಾದರು. ಅಕ್ಕನನ್ನ ನಿಂತ ಕಾಲಲ್ಲೇ ಕೆಲಸದಿಂದ ತೆಗೆದು, ಬೇರೆಯವನಿಂದ ಮುಖದ ಮೇಲೆ ಹಸಿರು ಬಳಿಸಿದರು. ವಾರವಾಯ್ತು. ತಿಂಗಳಾಯ್ತು. ಬಣ್ಣ ಕಲಸಿದ ತಟ್ಟೇಲಿ ಹಸಿರು ಒಣಗಿ ಬಿರುಕು ಬಿಟ್ಟಿತ್ತು. ಅವಳ ಮುಖದ ಮೇಲಿನದು ಮಾತ್ರ ಹಸಿಹಸಿ. ಹಸಿ ಬಣ್ಣದ ಚಿತ್ರ ಗೋಡೆಗೆ ಹಾಕೋ ಹಾಗಿಲ್ಲ. ಒರೆಸಿ ಅಂದ್ರೆ ಯಾರೂ ಹತ್ತಿರ ಹೋಗಲೊಲ್ಲರು. ಕೊನೆಗೆ ಅಕ್ಕನಿಗೇ ಫೋನ್ ಬಂತು. ಅವಳ ಜೊತೆ ನಾನೂ ಹೋದೆ.

"ಒರೆಸ್ತೀನಿ ಸಾರ್," ಅಂದಳು. "ಇವಳನ್ನ ಇನ್ಯಾವತ್ತೂ ಮುಚ್ಚಲ್ಲ ಅಂತ ಮೊದಲು ಬರೆದುಕೊಡಿ."

ಡೈರೆಕ್ಟರ್ ಅಲ್ಲೇ ಬರೆದು ಸಹಿ ಹಾಕಿದರು.

ಅಕ್ಕ ಒಣ ಹತ್ತೀಲಿ ಒಂದೇ ಸಲ ಒರೆಸಿದಳು, ಹಸಿರೆಲ್ಲ ಬಂದುಬಿಡ್ತು. ಆ ಹತ್ತೀನ ಪಕ್ಕದ ಗಾಜಿನ ಬಟ್ಟಲಿಗೆ ಹಾಕಿದಳು... ಟಣ್ ಅಂತು. ಕೈಲಿ ಎತ್ತಿ ನೋಡಿದೆ, ತಿಂಗಳಿಡೀ ಹಸಿಯಿದ್ದ ಬಣ್ಣ ಹತ್ತಿ ಮೇಲೆ ಆಗಲೇ ಒಣಗಿ ಕಲ್ಲಿನಷ್ಟು ಗಟ್ಟಿ. ನಾನು ಅಲ್ಲೇ ನಿಂತಿದ್ದೆ. ಸುಳ್ಳು ಅನ್ನೋರು ಅಂದುಕೊಳ್ಳಲಿ.